ಐಹೊಳೆಯ ಶಾಸನ ಮತ್ತು ಎಲ್ಡನ್ ರಿಂಗ್



ಜನವರಿ ತಿಂಗಳ ಒಂದು ಶನಿವಾರದ ಮಾತು. ಓಕ್‌ವಿಲ್‌ನಲ್ಲಿ ರಾತ್ರಿಯಿಡೀ ಹಿಮ ಸುರಿದಿತ್ತು. ಟ್ರಫಾಲ್ಗರ್ ರಸ್ತೆಯಲ್ಲಿ ಕಾರುಗಳು ಎತ್ತಿನ ಗಾಡಿಯಂತೆ ಸಾಗುತ್ತಿದ್ದವು. ಕನ್ನಡ ತರಗತಿಗೆ ಹದಿನಾಲ್ಕು ಮಕ್ಕಳಲ್ಲಿ ಬಂದವರು ಆರೇ ಮಂದಿ. ಆ ದಿನ ವಿಭಕ್ತಿ ಪ್ರತ್ಯಯಗಳ ಪಾಠ ಮಾಡಬೇಕೆಂದು ನಾವು ಸಿದ್ಧತೆ ಮಾಡಿಕೊಂಡು ಹೋಗಿದ್ದೆವು. ಆದರೆ ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗರು ಇಂಗ್ಲಿಷಿನಲ್ಲಿ ಜೋರಾಗಿ ಜಗಳವಾಡುತ್ತಿದ್ದರು. ಒಬ್ಬನಿಗಂತೂ ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು. ಪೆನ್ಸಿಲಿಗೋ ತಿಂಡಿಗೋ ಜಗಳವಿರಬೇಕೆಂದು ಹತ್ತಿರ ಹೋಗಿ ವಿಚಾರಿಸಿದರೆ ವಿಷಯ ಹೀಗಿತ್ತು: ಮಾರಿಕಾ ಎಂಬ ರಾಣಿಗೆ ತನ್ನ ಮಗ ಗಾಡ್ವಿನ್‌ನನ್ನು ಕೊಲ್ಲುವ ಸಂಚು ಮೊದಲೇ ಗೊತ್ತಿತ್ತೋ, ಇಲ್ಲವೋ?

ಯಾವ ದೇಶದ ರಾಣಿ ಎಂದು ಕೇಳಿದೆವು. ಆರೂ ಮಕ್ಕಳು ನಮ್ಮನ್ನು ಕನಿಕರದಿಂದ ನೋಡಿದರು.

ಮಾರಿಕಾ 'ಎಲ್ಡನ್ ರಿಂಗ್' ಎಂಬ ವಿಡಿಯೋ ಆಟದ ರಾಣಿ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2022ರ ಫೆಬ್ರವರಿಯಲ್ಲಿ ಹೊರತಂದ ಆಟವಿದು. ನಿರ್ದೇಶಕ ಹಿದೆತಕ ಮಿಯಾಝಾಕಿ. ಹಿನ್ನೆಲೆಯ ಪುರಾಣವನ್ನು ಹೆಣೆದುಕೊಟ್ಟವರಲ್ಲಿ ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಕೂಡ ಒಬ್ಬರು. ಹಾಳುಬಿದ್ದ ರಾಜ್ಯ, ಶಾಪ, ಸಾಯಲಾರದ ಜನ, ಒಡೆದುಹೋದ ಒಂದು ದಿವ್ಯ ಉಂಗುರ, ಇಷ್ಟು ಅದರ ಕಥಾವಸ್ತು. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಉತ್ತರ ಅಮೆರಿಕದಲ್ಲಿ ಈ ಆಟಕ್ಕೆ ಹದಿನೇಳು ವರ್ಷ ಮೇಲ್ಪಟ್ಟವರಿಗೆ ಎಂಬ ದರ್ಜೆ ಕೊಟ್ಟಿದ್ದಾರೆ. ರಕ್ತಪಾತ ಬೇಕಾದಷ್ಟಿದೆ. ನಮ್ಮ ತರಗತಿಯ ಹುಡುಗರಿಗೆ ಹದಿಮೂರು. ಅವರು ಆಡುವುದಿಲ್ಲವಂತೆ, ದೊಡ್ಡಪ್ಪನ ಮಗ ಆಡುವುದನ್ನು ನೋಡುತ್ತಾರಂತೆ, ಆಮೇಲೆ ಕಥೆಯನ್ನು ವಿವರಿಸುವ ವಿಡಿಯೋಗಳನ್ನು ನೋಡುತ್ತಾರಂತೆ. ಆಡಲು ಬಿಡಬೇಕೋ ಬೇಡವೋ ಎಂಬುದು ಪ್ರತಿ ಮನೆಯ ತಂದೆತಾಯಿಗಳಿಗೆ ಬಿಟ್ಟ ವಿಷಯ, ಮತ್ತು ಆ ದರ್ಜೆಯನ್ನು ಗೌರವಿಸಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಆ ಜಗಳದ ಬಗೆಗೆ ನಾವು ಹೇಳಬೇಕಾದದ್ದು ಬೇರೆಯೇ ಇದೆ.

ಈ ಆಟದಲ್ಲಿ ಕಥೆಯನ್ನು ಯಾರೂ ಕೂತು ಹೇಳುವುದಿಲ್ಲವಂತೆ. ಒಂದು ಹಳೆಯ ಕತ್ತಿ ಸಿಕ್ಕಿದರೆ ಅದರ ಬಗ್ಗೆ ನಾಲ್ಕು ಸಾಲು ಬರಹ ಇರುತ್ತದೆ. ಒಂದು ಮುರುಕು ವಿಗ್ರಹ, ಸತ್ತವನ ಕೈಯಲ್ಲಿ ಒಂದು ಬೇರು, ಅರೆಹುಚ್ಚನೊಬ್ಬನ ಎರಡು ಮಾತು, ಅಷ್ಟೇ. ಅದನ್ನೆಲ್ಲ ಕೂಡಿಸಿ ಯಾರು ಯಾರ ಮಗ, ಯಾವ ಯುದ್ಧ ಮೊದಲು, ಯಾವುದು ಆಮೇಲೆ ಎಂದು ಆಡುವವರೇ ಕಂಡುಕೊಳ್ಳಬೇಕು. ಆಟದೊಳಗೆ ಇಸವಿಗಳೇ ಇಲ್ಲ. ಹೀಗಾಗಿ ಕಾಲಾನುಕ್ರಮದ ಬಗ್ಗೆ ಊಹೆಗಳು ಹುಟ್ಟುತ್ತವೆ. ಮಕ್ಕಳು ಅದಕ್ಕೆ 'ಥಿಯರಿ' ಎನ್ನುತ್ತಾರೆ. ಮಾರಿಕಾಗೆ ಸಂಚು ಗೊತ್ತಿತ್ತು ಎನ್ನುವವನ ಆಧಾರ, ಕೊಲೆಗಡುಕಿಯರಿಗೆ ರಾಣಿಯೊಡನೆ ನಿಕಟ ನಂಟಿತ್ತೆಂಬ ಗಾಳಿಮಾತು ಒಂದು ವಸ್ತುವಿನ ಬರಹದಲ್ಲಿದೆ ಎಂಬುದು. ಇನ್ನೊಬ್ಬ ಕೇಳಿದ ಪ್ರಶ್ನೆ ಹೀಗಿತ್ತು: "ಗಾಳಿಮಾತು ಅಂತ ಅದರಲ್ಲೇ ಬರೆದಿದೆಯಲ್ಲ, ಅದು ಹೇಗೆ ಪ್ರೂಫ್ ಆಗುತ್ತೆ?"

ಈ ಪ್ರಶ್ನೆ ಕೇಳಿ ನಮಗೆ ರೋಮಾಂಚನವಾಯಿತು ಎಂದರೆ ಪಾಲಕರು ನಗಬಾರದು. ಬಿ.ಎ. ತರಗತಿಯಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಓದುವಾಗ ನಾವು ಪುಟಗಟ್ಟಲೆ ಉರುಹೊಡೆದದ್ದು ಇಂಥ ಜಗಳಗಳನ್ನೇ.

ಹಲ್ಮಿಡಿ ಶಾಸನವನ್ನೇ ನೋಡಿ. ಬೇಲೂರು ತಾಲ್ಲೂಕಿನ ಆ ಕಲ್ಲನ್ನು ಎಂ. ಎಚ್. ಕೃಷ್ಣ ಅವರು 1930ರ ದಶಕದಲ್ಲಿ ಬೆಳಕಿಗೆ ತಂದರು. ಅದರಲ್ಲಿ ಇಸವಿ ಇಲ್ಲ! ಕ್ರಿ.ಶ. 450ರ ಸುಮಾರಿನದು ಎಂದು ನಾವು ಮಕ್ಕಳಿಗೆ ಹೇಳಿಕೊಡುವುದು ಲಿಪಿಯ ರೂಪ, ಭಾಷೆಯ ರೂಪ, ಅದರಲ್ಲಿ ಬರುವ ಕದಂಬ ಅರಸನ ಹೆಸರು ಇವನ್ನೆಲ್ಲ ಕೂಡಿಸಿ ವಿದ್ವಾಂಸರು ಕಟ್ಟಿದ ಊಹೆಯ ಆಧಾರದ ಮೇಲೆ. ಮುಂದೆ ತಾಳಗುಂದದಲ್ಲಿ ಸಿಂಹಕಟಾಂಜನ ಶಾಸನ ದೊರೆತು, ಅದು ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯದು ಎಂಬ ವಾದವೂ ಬಂತು. ಕವಿರಾಜಮಾರ್ಗದ ಕತೆಯೂ ಹೀಗೆಯೇ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚು ಹಾಕಿಸಿದ ಕಾಲದಿಂದ ಬಹಳ ವರ್ಷ ಅದನ್ನು ಬರೆದವನು ರಾಷ್ಟ್ರಕೂಟ ದೊರೆ ನೃಪತುಂಗನೇ ಎಂದು ನಂಬಿದವರಿದ್ದರು. ಗ್ರಂಥದೊಳಗೇ ನೃಪತುಂಗದೇವನ ಸಮ್ಮತಿ ಪಡೆದದ್ದು ಎಂಬರ್ಥದ ಮಾತಿದೆ. ತಾನೇ ಬರೆದಿದ್ದರೆ ತನ್ನ ಸಮ್ಮತಿ ತಾನೇ ಏಕೆ ಪಡೆಯಬೇಕು? ಆಸ್ಥಾನದ ಶ್ರೀವಿಜಯ ಬರೆದಿರಬೇಕು ಎಂಬ ಅಭಿಪ್ರಾಯ ಇಂದು ಬಲವಾಗಿದೆ. ಒಂದು ಪದ ಹಿಡಿದುಕೊಂಡು ಎಷ್ಟೊಂದು ಬರೆದಿದ್ದಾರೆಂದರೆ, ಪರೀಕ್ಷೆಯ ಹಿಂದಿನ ರಾತ್ರಿ ನಾವು ಇಬ್ಬರನ್ನೂ ಶಪಿಸಿದ್ದುಂಟು.

ನಮ್ಮ ಊರು ಗದಗ ಜಿಲ್ಲೆಯಲ್ಲಿದೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲಾ ಪ್ರವಾಸದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಹೋಗಿದ್ದೆವು. ಐಹೊಳೆಯ ಗುಡ್ಡದ ಮೇಲೆ ಮೇಗುತಿ ಎಂಬ ಜಿನಾಲಯವಿದೆ. ಅದರ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿಯ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಬಿಸಿಲು, ಹಸಿವು, ಕೆಳಗೆ ಬಸ್ಸಿನಲ್ಲಿ ಚಿತ್ರಾನ್ನದ ಡಬರಿ. "ಇದು ಶಾಸನ, ನಡೀರಿ ನಡೀರಿ" ಎಂದು ಅವಸರ ಮಾಡಿದರು, ನಾವೂ ಓಡಿದೆವು. ಆ ಗೋಡೆಯ ಮೇಲೆ ಏನಿದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ರವಿಕೀರ್ತಿ ತನ್ನ ಶಾಸನಕ್ಕೆ ಎರಡು ಲೆಕ್ಕಗಳಲ್ಲಿ ಕಾಲ ಕೊಟ್ಟಿದ್ದಾನೆ. ಶಕವರ್ಷ 556 ಕಳೆದಿದೆ ಎನ್ನುತ್ತಾನೆ, ಅಂದರೆ ಕ್ರಿ.ಶ. 634. ಜೊತೆಗೆ ಭಾರತ ಯುದ್ಧವಾಗಿ 3735 ವರ್ಷ ಕಳೆದಿದೆ ಎಂದೂ ಹೇಳುತ್ತಾನೆ. ಕಳೆದು ನೋಡಿದರೆ ಕುರುಕ್ಷೇತ್ರ ಯುದ್ಧ ಕ್ರಿ.ಪೂ. 3102ರ ಆಸುಪಾಸಿಗೆ ಹೋಗಿ ಕೂರುತ್ತದೆ. ಹಾಗಾದರೆ ಯುದ್ಧ ಆ ವರ್ಷವೇ ಆಯಿತೇ? ಇಂದಿನ ಬಹುಪಾಲು ಇತಿಹಾಸಕಾರರು ಒಪ್ಪುವುದಿಲ್ಲ. 634ರಲ್ಲಿ ಬಾದಾಮಿ ಚಾಲುಕ್ಯರ ನಾಡಿನ ಒಬ್ಬ ಪಂಡಿತ ಹಾಗೆ ನಂಬಿದ್ದ ಎಂಬುದಕ್ಕೆ ಮಾತ್ರ ಆ ಗೋಡೆ ಗಟ್ಟಿ ಸಾಕ್ಷಿ. ಅದೇ ಶಾಸನದಲ್ಲಿ ಕವಿ ತನ್ನ ಕೀರ್ತಿ ಕಾಳಿದಾಸ, ಭಾರವಿಗಳಿಗೆ ಸಮ ಎಂದು ಕೊಚ್ಚಿಕೊಂಡಿದ್ದಾನೆ. ಆ ಬಡಾಯಿಯಿಂದ ಆದ ಉಪಕಾರವೆಂದರೆ, ಕಾಳಿದಾಸ 634ಕ್ಕಿಂತ ಮೊದಲಿನವನು ಎಂಬುದು ಖಚಿತವಾಯಿತು. ಹೇಳಬೇಕೆಂದು ಹೇಳಿದ ಲೆಕ್ಕ ಉಪಯೋಗಕ್ಕೆ ಬರಲಿಲ್ಲ, ಜಂಬಕ್ಕೆ ಆಡಿದ ಮಾತು ಉಪಯೋಗಕ್ಕೆ ಬಂತು!

ಆ ಶನಿವಾರ ವಿಭಕ್ತಿಯನ್ನು ಬದಿಗಿಟ್ಟು ಇದನ್ನೇ ಕಪ್ಪುಹಲಗೆಯ ಮೇಲೆ ಬರೆದೆವು. ಗಾಳಿಮಾತಿನ ಹುಡುಗ ತಕ್ಷಣ ಹೇಳಿದ: "ಹಾಗಾದ್ರೆ ಆಟದ ಬರಹ ಕೂಡ ಯಾರೋ ನಂಬಿದ್ದು, ಆದದ್ದು ಅಲ್ಲ." ಅವನಿಗೆ ಅಂದು ನಾವು ಬೇರೇನನ್ನೂ ಕಲಿಸಬೇಕಾಗಿರಲಿಲ್ಲ.

ಇದಾದ ಮೇಲೆ ಪಾಲಕರ ಸಭೆ ನಡೆಯಿತು. ಕನ್ನಡ ಕಲಿಯಲೆಂದು ಕಳಿಸಿದರೆ ವಿಡಿಯೋ ಆಟದ ಹರಟೆ ಹೊಡೆಸುತ್ತೀರಿ ಎಂಬ ಆಕ್ಷೇಪ ಬಂತು. ಜಗಳವಾಡಿದ ಇಬ್ಬರಲ್ಲಿ ಒಬ್ಬನ ತಂದೆ, ಹೀಗೇ ಆದರೆ ಶನಿವಾರದ ಈ ಹೊತ್ತಿಗೆ ಮಗನನ್ನು ಗಣಿತದ ಟ್ಯೂಷನ್ನಿಗೆ ಹಾಕುತ್ತೇನೆ ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಆತಂಕ ಹೆಚ್ಚಾಗಿತ್ತು. ವಾರಕ್ಕೆ ಎರಡೂವರೆ ಗಂಟೆ ಸಿಗುವ ಕನ್ನಡ. ಅದರಲ್ಲೂ ಒಂದು ಗಂಟೆ ಹೋಯಿತೆಂದರೆ ಸಂಕಟವಾಗದೇ ಇರುತ್ತದೆಯೇ? ಅವರಿಗೆ ಆ ದಿನ ಸರಿಯಾಗಿ ಉತ್ತರ ಕೊಡಲು ನಮಗೆ ಆಗಲಿಲ್ಲ. ಅದಕ್ಕೇ ಈ ಲೇಖನ.

ನಮ್ಮ ಉತ್ತರ ಇಷ್ಟು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡದ ಯಾವ ಪುಸ್ತಕ ಕೊಟ್ಟರೂ ಅರ್ಧ ಅರ್ಥವಾಗುತ್ತದೆ, ಇನ್ನರ್ಧ ಕತ್ತಲೆ. ಆ ಕತ್ತಲೆಗೆ ಹೆದರಿ ಪುಸ್ತಕ ಮುಚ್ಚಿಬಿಡುತ್ತಾರೆ. ಈ ಆಟದ ನಿರ್ದೇಶಕ ಮಿಯಾಝಾಕಿ ಬಡ ಕುಟುಂಬದವರು, ಚಿಕ್ಕಂದಿನಲ್ಲಿ ಗ್ರಂಥಾಲಯದಿಂದ ತಮ್ಮ ಓದಿಗೆ ಮೀರಿದ ಪುಸ್ತಕಗಳನ್ನು ತಂದು ಓದುತ್ತಿದ್ದರು. ತಿಳಿಯದ ಭಾಗಗಳನ್ನು ಚಿತ್ರಗಳ ಸಹಾಯದಿಂದ, ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದೆ ಎಂದು ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಅವರ ಆಟಗಳಲ್ಲಿ ಕಥೆ ತುಂಡುತುಂಡಾಗಿ ಇರುವುದಕ್ಕೆ ಮೂಲ ಅಲ್ಲಿದೆ. ಅರ್ಧ ತಿಳಿದ ಪುಟದ ಮುಂದೆ ಪಟ್ಟು ಹಿಡಿದು ಕೂರುವುದು ಹೇಗೆಂದು ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಆಗಲೇ ಬರುತ್ತದೆ. ಅದನ್ನೇ ಕನ್ನಡದ ಪುಟದ ಮುಂದೆ ಮಾಡಿಸುವುದಕ್ಕೆ ಒಂದು ಗಂಟೆ ಹೋದರೆ ಅದು ದಂಡವಲ್ಲ ಎಂದು ನಾವು ನಂಬಿದ್ದೇವೆ.

ಹಾಗೆ ನೋಡಿದರೆ ಕಥೆಯ ಬಿರುಕು ತುಂಬುವುದು ಕನ್ನಡಿಗರಿಗೆ ಹೊಸ ಚಟವೇನಲ್ಲ. ಕ್ರಿ.ಶ. 941ರಲ್ಲಿ ಪಂಪ ವಿಕ್ರಮಾರ್ಜುನ ವಿಜಯ ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿಬಿಟ್ಟ. ಅವನ ದೊರೆ ಅರಿಕೇಸರಿಯೇ ಅಲ್ಲಿ ಅರ್ಜುನ, ಅದಕ್ಕೆ ತಕ್ಕಂತೆ ಕಥೆ ತಿದ್ದಿದ. ಗದುಗಿನ ಕುಮಾರವ್ಯಾಸ ಬಂದು ಐವರನ್ನೂ ಮರಳಿ ತಂದ. ಆದರೆ ಹತ್ತು ಪರ್ವಕ್ಕೆ ಅವನ ಭಾರತ ನಿಂತುಹೋಯಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಹತ್ತಕ್ಕೇ ಏಕೆ ನಿಲ್ಲಿಸಿದ? ಒದ್ದೆ ಬಟ್ಟೆ ಆರುವವರೆಗೆ ಮಾತ್ರ ವೀರನಾರಾಯಣನ ಗುಡಿಯಲ್ಲಿ ಬರೆಯುತ್ತಿದ್ದ ಎಂಬ ಐತಿಹ್ಯವನ್ನು ನಮ್ಮೂರ ಕಡೆ ಮಕ್ಕಳು ಕೇಳಿಯೇ ಬೆಳೆಯುತ್ತಾರೆ. ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ, "ಗದಗಿನ ಬಿಸಿಲಿಗೆ ಬಟ್ಟೆ ಎಷ್ಟು ನಿಮಿಷಕ್ಕೆ ಆರುತ್ತೆ ಮಿಸ್, ಲೆಕ್ಕ ಹಾಕೋಣ" ಎಂದಳು. ಅದೂ ಒಂದು ಥಿಯರಿಯೇ.

ಇನ್ನು ಮಕ್ಕಳಿಗೆ ಎರಡು ಮಾತು. ಥಿಯರಿ ಎಂದು ಹೇಳಿಕೊಂಡ ಮಾತ್ರಕ್ಕೆ ಏನು ಬೇಕಾದರೂ ಹೇಳಬಹುದು ಎಂದಲ್ಲ. ವಿಡಿಯೋದಲ್ಲಿ ಗಂಭೀರ ದನಿಯ ಒಬ್ಬರು ಹೇಳಿದರೆಂದು ನಂಬುವುದು, ಬಸ್ಸಿನ ಚಿತ್ರಾನ್ನಕ್ಕೆ ಓಡಿದ ನಮ್ಮಂತೆಯೇ ಗೋಡೆಯನ್ನು ಓದದೇ ಬಂದಂತೆ. ನೀವೇ ಹೇಳಿದ ಉದಾಹರಣೆ ನೆನಪಿದೆಯೇ? ಮೋಗ್ ಎಂಬವನು ಮಿಕೆಲ್ಲಾನನ್ನು ಕದ್ದೊಯ್ದ ದುಷ್ಟ ಎಂದು ಎರಡು ವರ್ಷಗಳ ಕಾಲ ಬಹಳ ಜನ ಬೈದರು. 2024ರ ಜೂನ್‌ನಲ್ಲಿ ಆಟದ ಮುಂದುವರಿದ ಭಾಗ ಬಂದಾಗ ಮಿಕೆಲ್ಲಾನೇ ಅವನನ್ನು ಮೋಡಿ ಮಾಡಿದ್ದ ಎಂದು ಗೊತ್ತಾಯಿತು. ಹಾಗೇ ಇರಬಹುದೆಂದು ಮೊದಲೇ ಸಂಶಯಪಟ್ಟವರು ಕೆಲವರಿದ್ದರಂತೆ, ಅವರ ಮಾತು ಯಾರೂ ಕೇಳಲಿಲ್ಲ. ಹೊಸ ಶಾಸನ ಸಿಕ್ಕಾಗ ಹಳೆಯ ಊಹೆಯನ್ನು ಬಿಡಲು ತಯಾರಿರಬೇಕು. ಇದು ವಿದ್ವಾಂಸರಿಗೇ ಕಷ್ಟ, ನಿಮಗೂ ಕಷ್ಟವೇ. ಮತ್ತು ಆಟದ ಕಥೆಗೆ ಬರೆದವರು ಇದ್ದಾರೆ, ಅವರು ಬೇಕೆಂದೇ ಬಿರುಕು ಬಿಟ್ಟಿದ್ದಾರೆ. ಹಲ್ಮಿಡಿಯ ಕಲ್ಲನ್ನು ಕೆತ್ತಿದವರಿಗೆ ನಮ್ಮನ್ನು ಆಟ ಆಡಿಸುವ ಉದ್ದೇಶ ಇರಲಿಲ್ಲ. ಈ ವ್ಯತ್ಯಾಸವನ್ನು ಮರೆಯಬೇಡಿ.

ಅಂದಿನಿಂದ ತರಗತಿಯಲ್ಲಿ ಒಂದು ನಿಯಮ ಮಾಡಿದ್ದೇವೆ. ಆಟದ ಮಾತು ಆಡಬಹುದು, ಆದರೆ ಕನ್ನಡದಲ್ಲೇ ಆಡಬೇಕು. ಪುಟದಲ್ಲಿ ಮೂರು ಕಂಬ ಗೆರೆ ಎಳೆದು 'ಬರೆದಿದೆ', 'ಊಹೆ', 'ಗೊತ್ತಿಲ್ಲ' ಎಂದು ವಿಂಗಡಿಸಿ ಬರೆದು ತರಬೇಕು. ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಾದಿಸುತ್ತಿದ್ದ ಹುಡುಗ ಕನ್ನಡದಲ್ಲಿ ಎರಡು ವಾಕ್ಯಕ್ಕೆ ನಿಂತುಬಿಟ್ಟ. ಸಂಚು, ಪಟ್ಟ, ಸವತಿ, ವಂಶ, ಗಡೀಪಾರು, ಈ ಪದಗಳೆಲ್ಲ ಅವನಿಗೆ ಬೇಕಾದವು. ಪಠ್ಯದಲ್ಲಿ ಕೊಟ್ಟಿದ್ದರೆ ಬಾಯಿಪಾಠ ಮಾಡಿ ಮರೆಯುತ್ತಿದ್ದ, ಈಗ ಕೇಳಿ ಕೇಳಿ ಬರೆದುಕೊಂಡ.

ಅವನ ಅಜ್ಜಿ ಹುಬ್ಬಳ್ಳಿಯಿಂದ ಬಂದು ಆರು ತಿಂಗಳಿಗೆ ಇಲ್ಲಿದ್ದರು. ಅಜ್ಜಿಗೂ ಮೊಮ್ಮಗನಿಗೂ "ಊಟ ಆಯ್ತಾ" ಎಂಬುದನ್ನು ದಾಟಿ ಮಾತು ಹೋಗುತ್ತಿರಲಿಲ್ಲವಂತೆ. ಮನೆಗೆಲಸದ ಪುಟ ತುಂಬಲು ಪದ ಸಿಗದೆ ಅವರ ಹತ್ತಿರ ಕೂತ. ರಾಡಗಾನ್ ಎಂಬವನು ಮೊದಲು ರೆನ್ನಾಲಾಳನ್ನು ಮದುವೆಯಾಗಿ, ಆಮೇಲೆ ಅವಳನ್ನು ಬಿಟ್ಟು ಮಾರಿಕಾಳ ಗಂಡನಾದ, ಕೊನೆಗೆ ನೋಡಿದರೆ ರಾಡಗಾನ್ ಮತ್ತು ಮಾರಿಕಾ ಒಬ್ಬರೇ ಎಂದು ತೊದಲುತ್ತಾ ವಿವರಿಸಿದನಂತೆ. ಅಜ್ಜಿ ಕೌದಿ ಹೊಲಿಯುವುದನ್ನು ನಿಲ್ಲಿಸಿ, "ಅಲ್ಲೋ ತಮ್ಮಾ, ಇದು ಅರ್ಧನಾರೀಶ್ವರ ಇದ್ದಂಗ ಆತಲ್ಲ? ಹಂಗಾದ್ರ ಆಕೀನ ಆತ ಇದ್ರ, ಲಗ್ನ ಯಾರ ಕೂಡ ಆತು?" ಎಂದು ಕೇಳಿದರಂತೆ. ಹುಡುಗ ಮರುವಾರ ಬಂದು ಅದನ್ನು ಹಾಗೆಯೇ, ಅಜ್ಜಿಯ ಹುಬ್ಬಳ್ಳಿ ಮಾತಿನಲ್ಲೇ ಹೇಳಿದ. ಅವನ ಬಾಯಲ್ಲಿ ಅಷ್ಟು ಉದ್ದದ ಕನ್ನಡ ವಾಕ್ಯವನ್ನು ನಾವು ಕೇಳಿದ್ದು ಅದೇ ಮೊದಲು.

ಗಣಿತದ ಟ್ಯೂಷನ್ ಮಾತೆತ್ತಿದ್ದವರು ಈ ಹುಡುಗನ ತಂದೆಯೇ. ಈ ಶಾಲಾ ವರ್ಷ ಮುಗಿಯುವವರೆಗೆ ನೋಡೋಣ ಎಂದಿದ್ದಾರೆ. ಅಜ್ಜಿ ಏಪ್ರಿಲ್‌ನಲ್ಲಿ ಊರಿಗೆ ಮರಳಿದರು. ಹುಡುಗನ ಪುಟ ಈಗ ನಾಲ್ಕು ಪುಟವಾಗಿದೆ, ಒತ್ತಕ್ಷರಗಳು ಇನ್ನೂ ತಪ್ಪುತ್ತವೆ, 'ಗೊತ್ತಿಲ್ಲ' ಎಂಬ ಮೂರನೆಯ ಕಂಬ ಉಳಿದೆರಡಕ್ಕಿಂತ ಉದ್ದವಾಗಿದೆ. ಅಜ್ಜಿಯ ಪ್ರಶ್ನೆಯನ್ನು ಅದರ ಮೊದಲ ಸಾಲಿನಲ್ಲಿ ಬರೆದಿದ್ದಾನೆ.