ಸಿಲಿಕಾನ್ ವ್ಯಾಲಿ ಅನ್ನೋ ಮುಂಚೆ ಸಾಂಟಾ ಕ್ಲಾರಾ ಕಥೆ ಕೇಳಿ

ಬೆಂಗಳೂರನ್ನು ‘ಭಾರತದ ಸಿಲಿಕಾನ್ ವ್ಯಾಲಿ’ ಅಂದ್ರೆ ನಮಗೆಲ್ಲ ಒಂಥರಾ ಹೆಮ್ಮೆ. ಆದರೆ ಅಮೆರಿಕದಲ್ಲಿ ಆ ಹೆಸರಿನ ಜಿಲ್ಲೆಯೇ ಇಲ್ಲ. ಅದು 1971ರಲ್ಲಿ ಪತ್ರಿಕೆಯೊಂದರ ಲೇಖನಮಾಲೆಯಿಂದ ಜನಪ್ರಿಯವಾದ ಅಡ್ಡಹೆಸರು. ಆ ವ್ಯಾಲಿಯ ಹೃದಯಭಾಗ ಇರೋದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂಗೆ.

ಪೂರ್ವಕ್ಕೆ ಡಯಾಬ್ಲೊ ಬೆಟ್ಟಸಾಲು, ಪಶ್ಚಿಮಕ್ಕೆ ಸಾಂಟಾ ಕ್ರೂಜ್ ಬೆಟ್ಟಗಳು, ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ. ನಡುವಿನ ಬಯಲಲ್ಲಿ ಮೊದಲಿಂದ ಇದ್ದವರು ಓಲೋನಿ ಜನ. 1777ರಲ್ಲಿ ಸ್ಪೇನಿನವರು ಅಲ್ಲಿ ಸಾಂಟಾ ಕ್ಲಾರಾ ಮಿಷನ್ ಕಟ್ಟಿದರು. ಕೌಂಟಿಗೆ ಹೆಸರು ಬಂದಿದ್ದು ಅದರಿಂದಲೇ. 1850ರಲ್ಲಿ ಕ್ಯಾಲಿಫೋರ್ನಿಯಾದ ಮೊದಲ 27 ಕೌಂಟಿಗಳಲ್ಲಿ ಒಂದಾಗಿ ಇದು ಹುಟ್ಟಿತು. ಚಿಪ್ ಬರೋ ಮುಂಚೆ ಇಲ್ಲಿ ಬೆಳೀತಿದ್ದದ್ದು ಪ್ಲಮ್, ಏಪ್ರಿಕಾಟ್, ಚೆರ್ರಿ.

ತೋಟಗಳಿಗೆ ನೀರು ಬೇಕು. ಬಾವಿ ಮೇಲೆ ಬಾವಿ ತೋಡಿದರು, ಪಂಪ್ ಹಚ್ಚಿದರು. ನೀರು ಖಾಲಿಯಾದಂತೆ ಕೆಳಗಿನ ಜೇಡಿಮಣ್ಣಿನ ಪದರಗಳು ಅದುಮಿಕೊಂಡು ನೆಲವೇ ಇಳಿಯತೊಡಗಿತು. 1970ರ ಹೊತ್ತಿಗೆ ಸ್ಯಾನ್ ಹೋಸೆ ನಗರದ ಮಧ್ಯಭಾಗ ಸುಮಾರು 13 ಅಡಿ ಕುಸಿದಿತ್ತು. ಕೊಲ್ಲಿಯ ದಡದ ಅಲ್ವಿಸೊ ಸಮುದ್ರಮಟ್ಟಕ್ಕಿಂತ ಕೆಳಗೆ ಹೋಯಿತು. 1983ರಲ್ಲಿ ಪ್ರವಾಹಕ್ಕೆ ಮುಳುಗಿತು.

ಅವರೇನು ಮಾಡಿದರು? 1929ರಲ್ಲೇ ನೀರು ಸಂರಕ್ಷಣೆಗೆ ಒಂದು ಸಂಸ್ಥೆ ಮಾಡಿಕೊಂಡರು. 1930ರ ದಶಕದಲ್ಲಿ ಅಣೆಕಟ್ಟು ಕಟ್ಟಿ, ಮಳೆನೀರು ಹಿಡಿದು ನೆಲಕ್ಕೆ ಇಂಗಿಸಿದರು. ಜನ ಹೆಚ್ಚಾದಾಗ ಅದೂ ಸಾಲಲಿಲ್ಲ. 1960ರ ದಶಕದಲ್ಲಿ ಹೊರಗಿನಿಂದ ಕಾಲುವೆ ನೀರು ತಂದ ಮೇಲೆಯೇ ಕುಸಿತ ನಿಂತಿದ್ದು. ಆದರೆ ಇಳಿದ ನೆಲ ಮತ್ತೆ ಮೇಲೇಳಲಿಲ್ಲ. ಅಷ್ಟರಲ್ಲಿ ಚಿಪ್ ಕಾರ್ಖಾನೆಗಳು ಬಂದವು. 1980ರ ದಶಕದ ಆರಂಭದಲ್ಲಿ ಗೊತ್ತಾಯ್ತು, ಅವುಗಳ ನೆಲದಡಿಯ ಟ್ಯಾಂಕ್‌ಗಳಿಂದ ರಾಸಾಯನಿಕ ಸೋರಿ ಅಂತರ್ಜಲಕ್ಕೆ ಸೇರಿದೆ ಅಂತ. ಅದರ ಶುದ್ಧೀಕರಣಕ್ಕೆ ದಶಕಗಳೇ ಹಿಡಿದವು.

ಬೆಂಗಳೂರಿನ ಅಡಿ ಗಟ್ಟಿ ಬಂಡೆ ಇದೆ, ಆ ಥರ ಕುಸಿಯಲ್ಲ ಅಂತ ಸಿವಿಲ್ ಬ್ರಾಂಚಿನವರು ಹೇಳಬಹುದು. ನಿಜ. ಆದರೆ ಬಂಡೆಯ ಬಿರುಕಲ್ಲಿ ನಿಲ್ಲೋ ನೀರೂ ಕಮ್ಮಿಯೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರ್ ಹಿಂದೆ ಓಡಿದ್ದು ಮರೆತೋಯ್ತಾ? ನೆಲ ಕುಸಿದರೆ ಕಣ್ಣಿಗೆ ಕಾಣುತ್ತೆ, ಬೋರ್ ಬತ್ತಿದರೆ ಪಕ್ಕದಲ್ಲಿ ಇನ್ನೊಂದು ಕೊರೀತೀವಿ. ಅಷ್ಟೇ ವ್ಯತ್ಯಾಸ.

ಹೆಸರು ಸಾಲ ತಂದಿದ್ದೀವಿ, ಸರಿ. ಜೊತೆಗೆ ಇಂಗುಗುಂಡಿಯ ಲೆಕ್ಕವನ್ನೂ ತರೋಣ. ಇಂಗಿಸಿದಷ್ಟೇ ಎತ್ತಬೇಕು ಅನ್ನೋ ಪಾಠ ಅವರಿಗೆ 13 ಅಡಿ ನೆಲದ ಬೆಲೆಗೆ ಸಿಕ್ಕಿದ್ದು. ನಮಗೆ ಪುಕ್ಕಟೆ ಸಿಗ್ತಿದೆ. ನಾವು ಕೋಡ್ ಬರೆಯೋದು ಕಲಿಯೋ ಊರಲ್ಲಿ, ಕೆರೆಗೆ ನೀರು ಎಲ್ಲಿಂದ ಬರುತ್ತೆ ಅನ್ನೋದನ್ನೂ ಕಲಿತರೆ ಆ ಹೆಸರಿಗೊಂದು ಅರ್ಥ ಬರುತ್ತೆ.