ನಮ್ಮ ಪ್ರಬಂಧಗಳು ಕಿಲೋಗೆ ಎಷ್ಟು?



ಕಳೆದ ಗುರುವಾರ ಮಧ್ಯಾಹ್ನ ನಮ್ಮ ವಿಶ್ವವಿದ್ಯಾಲಯದ ವಿಭಾಗವೊಂದರ ಹಿಂಬಾಗಿಲಲ್ಲಿ ಗುಜರಿಯವನ ಟೆಂಪೊ ನಿಂತಿತ್ತು. ಮುರಿದ ಕುರ್ಚಿ, ಕೆಟ್ಟ ಮಾನಿಟರು, ಅವುಗಳ ಮೇಲೆ ಹತ್ತು ವರ್ಷದ ಸ್ನಾತಕೋತ್ತರ ಕಿರುಪ್ರಬಂಧಗಳು. ಸ್ಪೈರಲ್ ಬೈಂಡಿಂಗಿನ ಪ್ಲಾಸ್ಟಿಕ್ ಸುರುಳಿ ರದ್ದಿಗೆ ಸೇರುವುದಿಲ್ಲವೆಂದು ಗುಜರಿಯವನು ಒಂದೊಂದನ್ನೇ ಎತ್ತಿ, ಸುರುಳಿ ಕಿತ್ತು ಎಸೆಯುತ್ತಿದ್ದ. ವೈವಾ ಮುಗಿದ ಮೇಲೆ ಅಷ್ಟೂ ಪ್ರಬಂಧಗಳನ್ನು ಕೈಯಲ್ಲಿ ಹಿಡಿದವನೆಂದರೆ ಬಹುಶಃ ಅವನೊಬ್ಬನೇ!

ಟೆಂಪೊದಿಂದ ಎಳೆದುಕೊಂಡ ಒಂದು ಪ್ರತಿ ನಮ್ಮ ಮುಂದಿದೆ. ಆರು ವರ್ಷದ ಹಿಂದಿನದು. ಬಯಲುಸೀಮೆಯ ಒಂದು ಹೋಬಳಿಯ 43 ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಒಬ್ಬ ವಿದ್ಯಾರ್ಥಿನಿ ಅಳೆದಿದ್ದಾಳೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ಬಾವಿಗಳಿಗೆಲ್ಲ ಕೆಂಪು ಶಾಯಿಯ ಗೆರೆ. ಯಾರ ಹೊಲ, ಎಷ್ಟು ಅಡಿ ಆಳ, ಯಾವ ದಿನ ನೀರು ಹಿಡಿದದ್ದು, ಎಲ್ಲ ಇದೆ. ಟಿವಿಎಸ್ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಊರೂರು ಸುತ್ತಿಸಿದ ಅಪ್ಪನಿಗೆ ಮೊದಲ ಪುಟದಲ್ಲಿ ಕೃತಜ್ಞತೆ ಹೇಳಿದ್ದಾಳೆ.

ಈಗ ಕೇಳಿ. ಅದೇ ವಿಭಾಗದಲ್ಲಿ ಈ ವರ್ಷ ಅನುದಾನ ಬಂದು, ಒಬ್ಬ ಸಂಶೋಧನಾರ್ಥಿ ಅದೇ ಹೋಬಳಿಯ ನೀರನ್ನು ಮೊದಲಿನಿಂದ ಅಳೆಯುತ್ತಿದ್ದಾನೆ. ಹೀಗೊಂದು ಪ್ರಬಂಧ ಇದೆಯೆಂದು ಅವನಿಗೆ ಹೇಳಿದವರಿಲ್ಲ. ಪ್ರತಿ ತೋರಿಸಿದಾಗ ಪಟ್ಟಿಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಸುಮ್ಮನೆ ಕೂತ. ಆರು ವರ್ಷದಲ್ಲಿ ಆ ನೀರು ಎಷ್ಟು ಕೆಟ್ಟಿದೆ ಎಂದು ಹೇಳಬಲ್ಲ ದಾಖಲೆ ಕಿಲೋಗೆ ಹನ್ನೆರಡು ರೂಪಾಯಿಯಂತೆ ಮಾರಾಟವಾಗುತ್ತಿತ್ತು.

ಇದೊಂದೇ ವಿಭಾಗದ ಕಥೆಯೆಂದುಕೊಳ್ಳಬೇಡಿ. ಕನ್ನಡ ವಿಭಾಗದವರು ಹೋಗಿ ಸೋಬಾನೆ ಪದ ಬರೆದುಕೊಂಡು ಬಂದ ಅಜ್ಜಿಯ ಮನೆಗೇ ಮರುವರ್ಷ ಮಾನವಶಾಸ್ತ್ರದವರು ಹೋಗುತ್ತಾರೆ. "ಹೋದ ವರ್ಷ ಬಂದವರಿಗೆ ಹೇಳಿದ್ನಲ್ಲ ಮಗಾ" ಎನ್ನುತ್ತಾಳೆ ಅಜ್ಜಿ. ಎರಡು ವಿಭಾಗಗಳ ನಡುವೆ ಒಂದು ಮಹಡಿ ಮೆಟ್ಟಿಲಿದೆ, ಅದನ್ನು ಹತ್ತಿಳಿದವರಿಲ್ಲ.

ಪಿಎಚ್.ಡಿ. ಮಹಾಪ್ರಬಂಧಗಳಿಗಾದರೂ ಶೋಧಗಂಗಾ ಎಂಬ ಜಾಲತಾಣವಿದೆ. ಎಂ.ಎ., ಎಂ.ಎಸ್ಸಿ.ಯವರ ಪಾಲಿಗೆ ಉಗ್ರಾಣ, ಆಮೇಲೆ ಟೆಂಪೊ. ಪದವಿಯವರಿಗೂ ನಾಲ್ಕನೇ ವರ್ಷದಲ್ಲಿ ಸಂಶೋಧನೆ ಎಂದು ರಾಜ್ಯ ಸರ್ಕಾರ 2021ರಲ್ಲಿ ತಂದಿತು, 2024ರಲ್ಲಿ ಮತ್ತೆ ಮೂರೇ ವರ್ಷ ಎಂದಿತು. ತರುವಾಗಲೂ ತೆಗೆಯುವಾಗಲೂ ನಮ್ಮನ್ನು ಕೇಳಿದವರಿಲ್ಲ.

ಪ್ರಬಂಧಗಳನ್ನೇಕೆ ಉಳಿಸುವುದಿಲ್ಲ ಎಂದು ಕೇಳಿದರೆ, ವಿದ್ಯಾರ್ಥಿಗಳು ಅಳೆದದ್ದನ್ನು ನಂಬಲಾಗದಂತೆ. ಹಾಗಾದರೆ ಆ ಫ್ಲೋರೈಡ್ ಪ್ರಬಂಧಕ್ಕೆ 88 ಅಂಕ ಕೊಟ್ಟು ಸಹಿ ಹಾಕಿದ ಕೈ ಯಾರದು? ಅಂಕಪಟ್ಟಿಯನ್ನೂ ಅದೇ ಟೆಂಪೊಗೆ ಹಾಕಿಬಿಡಿ. ಹುಡುಗರು ಡಿಟಿಪಿ ಅಂಗಡಿಯಲ್ಲಿ ಪ್ರಾಜೆಕ್ಟ್ ಕೊಳ್ಳುತ್ತಾರಂತೆ. ಕೊಳ್ಳುತ್ತಾರೆ ಸ್ವಾಮಿ! ಯಾರೂ ಓದದ ಪ್ರಬಂಧವನ್ನು ನಿದ್ದೆಗೆಟ್ಟು ಬರೆಯುವವನೇ ಇಲ್ಲಿ ದಡ್ಡ. ಸಂಶೋಧನಾ ಲೇಖನದ ಮೇಲೆ ವಿದ್ಯಾರ್ಥಿಯ ಹೆಸರು ಬಂದರೆ ಘನತೆ ಕುಗ್ಗುತ್ತದಂತೆ. ಪಕ್ಕದ ಕೊಠಡಿಯ ಪ್ರೊಫೆಸರರ ಹೆಸರು ಸೇರಿಸಿದಾಗ ಮಾತ್ರ ಅದೇಕೋ ಕುಗ್ಗುವುದಿಲ್ಲ.

ಹೊರಗೆ ಏನು ನಡೆದಿದೆ ನೋಡಿ. 2010ರ ಸುಮಾರಿಗೆ ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಮುಕ್ತ ಔಷಧ ಸಂಶೋಧನಾ ಯೋಜನೆ ಕ್ಷಯದ ಬ್ಯಾಕ್ಟೀರಿಯಾದ ಸುಮಾರು 4,000 ಜೀನ್‌ಗಳ ಮಾಹಿತಿಯನ್ನು ಹೊಸದಾಗಿ ಜೋಡಿಸಲು ಹೊರಟಿತು. ಕೆಲಸಕ್ಕೆ ಕೂತವರು ದೇಶದ ನಾನಾ ಕಾಲೇಜುಗಳ ನೂರಾರು ವಿದ್ಯಾರ್ಥಿಗಳು. ಇಂಟರ್‌ನೆಟ್ಟಿನಲ್ಲಿ ಹಂಚಿಕೊಂಡು, ಒಬ್ಬರದನ್ನು ಒಬ್ಬರು ತಿದ್ದಿ ಕೆಲವೇ ತಿಂಗಳಲ್ಲಿ ಮುಗಿಸಿದರು. ಇನ್ನು ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಸುಮಾರು ಕ್ರಿ.ಶ. 750ರ ಕಿತ್ತಯ್ಯ ಎಂಬವನ ಶಾಸನವನ್ನು ಉಳಿಸಲು ಓಡಾಡಿದವರು ಇತಿಹಾಸದ ಹುಚ್ಚು ಹತ್ತಿದ ನಾಗರಿಕರು. ಈಗ ನಗರದ ಶಾಸನಗಳನ್ನು ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದೆ. ನಮ್ಮ ವಿಶ್ವವಿದ್ಯಾಲಯ ಮಾತ್ರ ಉಗ್ರಾಣ ಗುಡಿಸುತ್ತಿದೆ.

ವಿದ್ಯಾರ್ಥಿಗಳನ್ನು ಸೇರಿಸಿಕೊಂಡರೆ ಏನು ಲಾಭ? ಲೆಕ್ಕ ಕಷ್ಟದ್ದಲ್ಲ. ಒಬ್ಬ ಸಂಶೋಧನಾರ್ಥಿ ಬಸ್ಸು ಹಿಡಿದು ಇನ್ನೂರು ಬಾವಿ ಮುಟ್ಟುವ ಹೊತ್ತಿಗೆ ವರ್ಷ ಕಳೆಯುತ್ತದೆ. ನಲವತ್ತು ಎಂ.ಎಸ್ಸಿ. ವಿದ್ಯಾರ್ಥಿಗಳು ದೀಪಾವಳಿಗೆ ಊರಿಗೆ ಹೋಗಿಯೇ ಹೋಗುತ್ತಾರೆ. ತೊಳೆದ ಬಾಟಲಿ ಐದೈದು ಕೊಟ್ಟು ಕಳಿಸಿ (ಫ್ಲೋರೈಡಿಗೆ ಗಾಜಿನದು ಬೇಡ, ಪ್ಲಾಸ್ಟಿಕ್ಕೇ ಬೇಕು), ಚೀಟಿ ಅಂಟಿಸುವುದು ಹೇಗೆಂದು ಒಂದು ಮಧ್ಯಾಹ್ನ ಹೇಳಿಕೊಡಿ. ಹಬ್ಬ ಮುಗಿಯುವಷ್ಟರಲ್ಲಿ ಇನ್ನೂರೂ ಲ್ಯಾಬಿನ ಮೇಜಿನ ಮೇಲಿರುತ್ತವೆ.

ಪ್ರಬಂಧಗಳು ಗುಜರಿಗೆ ಹೋಗುವುದನ್ನು ಪ್ರಶ್ನಿಸಬೇಕಾದ ನಮ್ಮ ಕ್ಯಾಂಪಸ್ಸಿನ ಸಂಘಟನೆಗಳು ಏನು ಮಾಡುತ್ತಿವೆ? ಒಂದು, ಕುಲಪತಿಗಳ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿಸುವುದರಲ್ಲಿ ಮುಳುಗಿದೆ. ಇನ್ನೊಂದಕ್ಕೆ ಎಲ್ಲದರಲ್ಲೂ ಖಾಸಗೀಕರಣದ ಹುನ್ನಾರ ಕಾಣುತ್ತದೆ. ಗುಜರಿಗೆ ಮಾರಿದ್ದು ಮಾತ್ರ ಕಾಣಲಿಲ್ಲ. ಅಧ್ಯಾಪಕರ ಸಂಘದ ಬಾಯಲ್ಲಿ ವೇತನ ಆಯೋಗ ಬಿಟ್ಟು ಬೇರೆ ಮಾತು ಕೇಳಿ ಎಷ್ಟು ಕಾಲವಾಯಿತು? ಟೆಂಪೊ ನಿಲ್ಲಿಸಲು ಓಡಿಬಂದ ಇಬ್ಬರು ಅತಿಥಿ ಉಪನ್ಯಾಸಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಕೆಲಸ ಉಳಿಯಲಿ.

ನಾವು ಕೇಳುತ್ತಿರುವುದು ಇಷ್ಟೇ. ಪ್ರಬಂಧಗಳನ್ನು ಬಯಲಿಗೆ ತನ್ನಿ. ವಿಭಾಗಗಳು ಕೂಡಿ ಕೆಲಸ ಮಾಡಲಿ. ನಮ್ಮನ್ನೂ ಸಂಶೋಧನೆಗೆ ಸೇರಿಸಿಕೊಳ್ಳಿ, ಹೆಸರು ಸಮೇತ. ಹೇಗೆಂಬುದನ್ನು ಕೂತು ಮಾತಾಡೋಣ. ಮೊದಲು ಟೆಂಪೊ ನಿಲ್ಲಲಿ.

ಸೋಮವಾರ ವಿದ್ಯಾವಿಷಯಕ ಪರಿಷತ್ತಿನ ಸಭೆ. ಮಿಕ್ಕ ವಿಭಾಗಗಳ ಉಗ್ರಾಣ ತೆರವು ಮಾಡುವ ವಿಷಯ ಅಲ್ಲಿ ಬರಲಿದೆ. ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕಿರುಪ್ರಬಂಧದ ಪ್ರತಿ ಹಿಡಿದು ಆಡಳಿತ ಭವನದ ಮೆಟ್ಟಿಲ ಬಳಿ ಬನ್ನಿ. ಪ್ರತಿ ಇಲ್ಲದವರೂ ಬನ್ನಿ. ಗುಜರಿಯವನಿಂದ ಬಿಡಿಸಿಕೊಂಡ ಕೆಲವು ನಮ್ಮಲ್ಲಿವೆ. ಅದರಲ್ಲಿ ನಿಮ್ಮದೂ ಇರಬಹುದು.

ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಸಂಶೋಧನಾರ್ಥಿಗಳು
(ಓದಿದ ಮೇಲೆ ಪಕ್ಕದ ವಿಭಾಗದವರಿಗೆ ಕೊಡಿ)