ಲೆಕ್ಕ ಕೇಳ್ರಿ, ಹೊಲಗಾಲುವೆ ಮುಚ್ಚಬ್ಯಾಡ್ರಿ

ಈ ವಾರ ತೊಗರಿ ಟಿಪ್ಪಣಿ ಇಲ್ಲ. ನೆಟೆ ರೋಗದ ಬಗ್ಗೆ ಕೇಳಿದವರಿಗೆ ಮುಂದಿನ ವಾರ ಬರೀತೀನಿ. ಇವತ್ತು ಎಫ್‌ಸಿಆರ್‌ಎ ಬಗ್ಗೆ, ಅಂದ್ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಗ್ಗೆ. "ಅದು ದಿಲ್ಲಿ ಮಂದಿ ಜಗಳ, ನಮಗ್ಯಾಕ?" ಅನಬ್ಯಾಡ್ರಿ. ಸೇಡಂ ರಸ್ತೆಯಿಂದ ಕಮಲಾಪುರದ ತನಕ ಕೆರೆ ಹೂಳು ತೆಗೀತೀವಿ, ಬೀಜ ಬ್ಯಾಂಕ್ ಮಾಡ್ತೀವಿ ಅನ್ನೋ ಯಾವ ಸಣ್ಣ ಸಂಘಕ್ಕಾದ್ರೂ ಇದು ತಾಗ್ತದ.

ಒಂದು ಉದಾಹರಣೆ ಇಟ್ಟು ನೋಡ್ರಿ. ನಮ್ಮ ಕಡೆ ಹುಡುಗರಿಬ್ಬರು ಅಮೆರಿಕಾದಾಗ ನೌಕರಿಗೆ ಅದಾರ ಅಂತ ತಿಳೀರಿ. ಊರ ಕೆರೆ ಹೂಳು ತೆಗೀಲಿಕ್ಕ ಇಬ್ಬರೂ ಊರಿನ ಸಂಘಕ್ಕ ಐವತ್ತೈವತ್ತು ಸಾವಿರ ಕೊಡಬೇಕಂತಾರ. ಒಬ್ಬನ ಹತ್ರ ಇನ್ನೂ ಭಾರತದ ಪಾಸ್‌ಪೋರ್ಟ್ ಅದ. ಅಂವ ತನ್ನ ಉಳಿತಾಯದಾಗಿಂದ ಬ್ಯಾಂಕಿನ ಮೂಲಕ ಕಳಿಸಿದ್ರ ಅದು ವಿದೇಶಿ ದೇಣಿಗೆ ಅಲ್ಲ. ಇನ್ನೊಬ್ಬ ಅಲ್ಲಿನ ಪೌರತ್ವ ತಗೊಂಡಾನ, ಕೈಯಾಗ ಒಸಿಐ ಕಾರ್ಡ್ ಅದ. ಅವನ ರೊಕ್ಕ ವಿದೇಶಿ ಮೂಲದ್ದು. ಗೃಹ ಸಚಿವಾಲಯದ ನೋಂದಣಿ ಇಲ್ಲದ, ಮುಂಚಿತ ಅನುಮತಿನೂ ಇಲ್ಲದ ಸಂಘ ಅದನ್ನ ತಗೊಂಡ್ರ ಅಪರಾಧ. 5 ವರ್ಷದ ತನಕ ಜೈಲು ಆಗಬಹುದು. ಕೆರೆ ಅದೇ, ಹೂಳು ಅದೇ, ಹುಡುಗರೂ ಒಂದೇ ಓಣಿಯವರು.

"ನೋಂದಣಿ ಮಾಡಿಸ್ಕೊಂಡ್ರ ಆಯ್ತಲ್ಲ" ಅಂತೀರಿ. ಷರತ್ತು ಕೇಳ್ರಿ. ಸಂಘಕ್ಕ 3 ವರ್ಷ ತುಂಬಿರಬೇಕು. ಆ 3 ವರ್ಷದಾಗ ತನ್ನ ಮುಖ್ಯ ಕೆಲಸಕ್ಕ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಮ್ಮ ಹಳ್ಳಿ ಸಂಘಗಳು ವರ್ಷಕ್ಕ ಒಂದು ಲಕ್ಷ ಕೂಡಿಸೋದ್ರಾಗ ಹೈರಾಣಾಗ್ತಾವ. 15 ಲಕ್ಷ ಇದ್ದವರಿಗೆ ಮಾತ್ರ ರೊಕ್ಕ ಕೇಳಲಿಕ್ಕ ಪರವಾನಗಿ ಅಂದ್ರ, ಬೆಳಿ ಬಂದವರಿಗೆ ಮಾತ್ರ ಬೀಜ ಕೊಡ್ತೀವಿ ಅಂದಂಗ. ಇನ್ನೊಂದು ದಾರಿ ಮುಂಚಿತ ಅನುಮತಿ. ಅದು ಒಬ್ಬ ದಾನಿ, ಒಂದು ಮೊತ್ತ, ಒಂದು ಕೆಲಸಕ್ಕ ಅಷ್ಟೇ. ಇನ್ನೊಬ್ಬರು ಕೊಡ್ತೀನಿ ಅಂದ್ರ ಮತ್ತ ಅರ್ಜಿ.

ಮೊದಲು ಹಿಂಗ ಇರಲಿಲ್ಲ. ಮೊದಲ ಕಾಯ್ದೆ ಬಂದದ್ದು ತುರ್ತು ಪರಿಸ್ಥಿತಿ ಕಾಲಕ್ಕ, 1976ರಾಗ. 2010ರಾಗ ಹೊಸ ಕಾಯ್ದೆ ಮಾಡಿ, ನೋಂದಣಿಯನ್ನ 5 ವರ್ಷಕ್ಕೊಮ್ಮೆ ನವೀಕರಿಸಬೇಕು ಅಂದ್ರು. ಆಗಲೂ ಒಂದು ದಾರಿ ಇತ್ತು: ಬೆಂಗಳೂರಿನ ದೊಡ್ಡ ಸಂಸ್ಥೆ ರೊಕ್ಕ ತಂದು, ತಾಲೂಕಿನಾಗ ಕೆಲಸ ಮಾಡೋ ಸಣ್ಣ ಸಂಸ್ಥೆಗೆ ಹಂಚಬಹುದಿತ್ತು. ಸಣ್ಣದಕ್ಕೂ ನೋಂದಣಿ ಇರಬೇಕಿತ್ತು, ಇಲ್ಲಂದ್ರ ಕೇಂದ್ರದ ಒಪ್ಪಿಗೆ ಬೇಕಿತ್ತು. ಆದ್ರೂ ದಾರಿ ಇತ್ತು.

2020ರ ಸೆಪ್ಟೆಂಬರ್‌ದಾಗ ತಿದ್ದುಪಡಿ ಮಾಡಿ ಆ ದಾರಿ ಪೂರಾ ಬಂದ್ ಮಾಡಿದ್ರು. ಈಗ ನೋಂದಣಿ ಇದ್ದವರು ನೋಂದಣಿ ಇದ್ದವರಿಗೂ ಕೊಡಂಗಿಲ್ಲ. ಆಡಳಿತ ಖರ್ಚಿನ ಮಿತಿ ನೂರಕ್ಕ 50 ಇದ್ದದ್ದು 20ಕ್ಕ ಇಳೀತು. ದೊಡ್ಡ ಸಂಸ್ಥೆಗೆ ಇದು ನಡೀತದ. ಆಫೀಸ್ ಬಾಡಿಗಿ, ಲೆಕ್ಕ ಬರೆಯೋರ ಪಗಾರ, ಆಡಿಟರ್ ಫೀಜಿನಾಗೇ ಅರ್ಧ ಹೋಗೋ ಸಣ್ಣದಕ್ಕ ಇದು ಕುತ್ತಿಗಿ ಹಿಸುಕಿದಂಗ. ಮ್ಯಾಲೆ, ದೇಶದ ಯಾವ ಮೂಲಿ ಸಂಸ್ಥೆ ಆದ್ರೂ ವಿದೇಶಿ ರೊಕ್ಕ ಮೊದಲು ಸ್ಟೇಟ್ ಬ್ಯಾಂಕಿನ ದಿಲ್ಲಿ ಮುಖ್ಯ ಶಾಖೆ ಖಾತೆಗೇ ಬರಬೇಕು.

ಬೆಣ್ಣೆತೊರಾ ಕಾಲುವಿ ನೋಡಿದವರಿಗೆ ಬಿಡಿಸಿ ಹೇಳೋದು ಬೇಕಿಲ್ಲ. ಡ್ಯಾಮಿನಾಗ ನೀರು ಇದ್ರ ಸಾಲದು, ಹೊಲಗಾಲುವಿ ಬೇಕು. ಈ ತಿದ್ದುಪಡಿ ಡ್ಯಾಮ್ ಮುಟ್ಟಿಲ್ಲ, ಹೊಲಗಾಲುವಿ ಮುಚ್ಚ್ಯದ. ಅದರ ಫಲ 2021ರ ಕೊರೊನಾ ಎರಡನೇ ಅಲೆದಾಗ ಕಂಡಿತು. ನೆರವು ಕೊಡ್ತೀವಿ ಅನ್ನೋ ದಾನಿಗಳು ಇದ್ರು, ಹಳ್ಳಿಯಾಗ ಓಡಾಡೋ ಸಂಸ್ಥೆಗಳೂ ಇದ್ವು, ನಡುವೆ ರೊಕ್ಕ ದಾಟಿಸೋ ಹಾದಿ ಇರಲಿಲ್ಲ. ದಿಲ್ಲಿ ಖಾತೆ ತೆರೆಯೋ ಗಡುವನ್ನ ಸರ್ಕಾರವೇ ಆ ಮೇ ತಿಂಗಳಾಗ ಜೂನ್ 30ರ ತನಕ ಮುಂದೆ ಹಾಕಬೇಕಾಯ್ತು. ಅದೇ ಹೊತ್ತಿನಾಗ ಪಿಎಂ ಕೇರ್ಸ್ ನಿಧಿಗೆ ಈ ಕಾಯ್ದೆಯಿಂದಲೇ ವಿನಾಯಿತಿ ಇತ್ತು.

ನಮ್ಮ ಕಟ್ಟಿಮ್ಯಾಲಿನ ಅಣ್ಣಗೋಳು ಹೇಳೋ ಮಾತೂ ಗೊತ್ತದ: "ವಿದೇಶಿ ರೊಕ್ಕದಾಗ ಮೋಸ ಮಾಡೋರು ಅದಾರ, ಬ್ಯಾರೇ ಉದ್ದೇಶ ಇಟ್ಕೊಂಡು ಬರೋರು ಅದಾರ." ಅದಾರ, ಇಲ್ಲ ಅನ್ನಂಗಿಲ್ಲ. ಬೋರ್ಡ್ ಹಚ್ಚಿ, ಫೋಟೋ ತೆಗೆಸ್ಕೊಂಡು ಹೋದವರನ್ನ ನಾವೂ ನೋಡೀವಿ. ಸುಪ್ರೀಂ ಕೋರ್ಟ್ ಕೂಡ 2022ರ ಏಪ್ರಿಲ್‌ದಾಗ ತಿದ್ದುಪಡಿ ಎತ್ತಿಹಿಡಿದು, ವಿದೇಶಿ ದೇಣಿಗೆ ಪಡೆಯೋದು ಸಂಪೂರ್ಣ ಹಕ್ಕಲ್ಲ ಅಂದದ. ಪದಾಧಿಕಾರಿಗಳು ಆಧಾರ್ ಬದಲು ಪಾಸ್‌ಪೋರ್ಟ್ ಕೊಟ್ರೂ ನಡೀತದ ಅಂತ ಅಷ್ಟು ಸಡಿಲ ಮಾಡ್ತು. ತೀರ್ಪು ಒಪ್ಪಬೇಕು. ಆದ್ರ ಕಾನೂನು ಸಿಂಧು ಅಂದ ಮಾತ್ರಕ್ಕ ಅದು ಹೊಲಕ್ಕ ಒಳ್ಳೇದು ಅಂತೇನಿಲ್ಲ. ಕಳ್ಳನ್ನ ಹಿಡೀಲಿಕ್ಕ ಲೆಕ್ಕಪತ್ರ ಬೇಕು. ಹಂಚಬ್ಯಾಡ ಅಂದ್ರ ಯಾವ ಕಳ್ಳ ಸಿಗ್ತಾನ? ಹಂಚಿದ ಪ್ರತಿ ರೂಪಾಯಿ ಬ್ಯಾಂಕಿನಾಗೇ ದಾಖಲಾಗ್ತದಲ್ಲ.

ವಿದೇಶಿ ರೊಕ್ಕದ ಭಯ ಅಷ್ಟು ಖರೇ ಇದ್ದಿದ್ರ ಎಲ್ಲಾರಿಗೂ ಒಂದೇ ತಕ್ಕಡಿ ಇರ್ತಿತ್ತು. 2014ರ ಮಾರ್ಚ್‌ದಾಗ ದಿಲ್ಲಿ ಹೈಕೋರ್ಟ್, ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ವೇದಾಂತ ಗುಂಪಿನ ಕಂಪನಿಗಳಿಂದ ದೇಣಿಗೆ ಪಡೆದು ಈ ಕಾಯ್ದೆ ಮುರಿದಾವ ಅಂತ ಹೇಳಿತು. ಆಮ್ಯಾಲೆ ಆದದ್ದೇನು? 2016ರ ಹಣಕಾಸು ಕಾಯ್ದೆದಾಗ "ವಿದೇಶಿ ಮೂಲ" ಅನ್ನೋದರ ಅರ್ಥವೇ ಬದಲಿ ಮಾಡಿದ್ರು. ಅದು ಸಾಲದೆ 2018ರಾಗ ಆ ಬದಲಾವಣೆಯನ್ನ 1976ರ ಆಗಸ್ಟ್ 5ರಿಂದಲೇ ಜಾರಿ ಅಂದ್ರು. ಪಕ್ಷಗಳಿಗೆ ನಲವತ್ತು ವರ್ಷದ ಹಿಂದಿನ ತನಕ ಕ್ಷಮೆ, ಹಳ್ಳಿ ಸಂಘಕ್ಕ ಐವತ್ತು ಸಾವಿರಕ್ಕ ಜೈಲಿನ ಭಯ. ಇದು ನ್ಯಾಯ ಏನ್ರಿ?

ನಾ ಕೇಳೋದು ಮೂರೇ. ಒಂದು, ನೋಂದಣಿ ಇದ್ದ ಸಂಸ್ಥೆ ಇನ್ನೊಂದಕ್ಕ ಲೆಕ್ಕ ಸಮೇತ ಹಂಚಲಿಕ್ಕ ಮತ್ತ ಅವಕಾಶ ಕೊಡ್ರಿ. ಎರಡು, ವರ್ಷಕ್ಕ ಎರಡು-ಮೂರು ಲಕ್ಷದ ಒಳಗ ಪಡೆಯೋ ಸಂಘಕ್ಕ ಸರಳ ನೋಂದಣಿ ಮಾಡ್ರಿ, 15 ಲಕ್ಷದ ಷರತ್ತು ಅವರಿಗೆ ಬ್ಯಾಡ. ಮೂರು, ಆ ಲೆಕ್ಕ ಗ್ರಾಮಸಭೆದಾಗ ಓದಿಸ್ರಿ. ಹೊಂಡ ಎಷ್ಟು ಆಳ ತೋಡ್ಯಾರ ಅನ್ನೋದು ದಿಲ್ಲಿಯವರಿಗಿಂತ ಪಕ್ಕದ ಹೊಲದವನಿಗೆ ಚಲೋ ಗೊತ್ತಿರ್ತದ.

ಅಲ್ಲಿ ತನಕ ಸಂಘದವರು ಒಂದು ಕೆಲಸ ಮಾಡ್ರಿ. ಹೊರದೇಶದ ಬಂಧುಗಳಿಂದ ಸಂಘದ ಖಾತೆಗೆ ರೊಕ್ಕ ಹಾಕಿಸ್ಕೊಳ್ಳೋ ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳ್ರಿ. ಸಂಕೋಚ ಬ್ಯಾಡ. ಎಂಪಿ ಸಾಹೇಬರು ನಮ್ಮ ಕಡೆ ಬಂದಾಗ ಮ್ಯಾಲಿನ ಮೂರೂ ಮಾತು ಅವರ ಮುಂದ ಇಡ್ರಿ. ಕಾಯ್ದೆ ಬದಲಾಗೋದು ಸಂಸತ್ತಿನಾಗ, ತಹಶೀಲ್ದಾರ್ ಆಫೀಸಿನಾಗ ಅಲ್ಲ.